ನಿಮ್ಮದು ಯಾವೂರಾಯಿತು?

ಮೈಸೂರು ಸೀಮೆಯಲ್ಲಿ ಹಿಂದಿನವರು ಜನಗಣತಿಗೆ ‘ಖಾನೇಷುಮಾರಿ’ ಎನ್ನುತ್ತಿದ್ದರು. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಮಾತು ಕೇಳಲು ಭಾರಿಯಾದರೂ ಅರ್ಥ ಸರಳವಾದದ್ದು. 2021ರಲ್ಲಿ ಆಗಬೇಕಾಗಿದ್ದ ಆ ಎಣಿಕೆ ಮುಂದೆ ಮುಂದೆ ಹೋಗಿ, 2027ರ ಮಾರ್ಚ್ 1ನೆಯ ತಾರೀಖನ್ನು ಗಣನೆಯ ದಿನವೆಂದು ಸರಕಾರದವರು ಗೊತ್ತುಮಾಡಿದ್ದಾರೆ. ಈ ಸಲ ಎಲ್ಲರ ಜಾತಿಯನ್ನೂ ಬರೆದುಕೊಳ್ಳತಕ್ಕದ್ದೆಂದು 2025ರ ಏಪ್ರಿಲ್ 30ರಂದು ತೀರ್ಮಾನವಾಯಿತು. ಆ ಸುದ್ದಿ ಬಂದಂದಿನಿಂದ ನಮ್ಮ ಸಂಘದ ಮನೆಗಳಲ್ಲಿ ಒಂದು ಬಗೆಯ ಚರ್ಚೆ ನಡೆದೇ ಇದೆ. ಹಬ್ಬದ ಊಟಕ್ಕೆ ಸೇರಿದರೂ ಅದೇ, ಮಕ್ಕಳ ಕನ್ನಡ ಪಾಠಕ್ಕೆ ಸೇರಿದರೂ ಅದೇ.

ಒಬ್ಬ ಸೋದರಿಯ ಪ್ರಶ್ನೆ ಹೀಗಿದೆ: ‘ಮಗ ಹುಟ್ಟಿದ್ದು ಗುರುಗ್ರಾಮದಲ್ಲಿ, ಆಡುವುದು ಹಿಂದಿಯಲ್ಲಿ, ತಾಯ್ನುಡಿ ಏನೆಂದು ಬರೆಸಲಿ?’ ಉಡುಪಿಯ ಕಡೆಯ ಮಿತ್ರರೊಬ್ಬರದು ಬೇರೆ: ‘ನಮ್ಮ ಮನೆಯಲ್ಲಿ ತುಳು. ತುಳು ಎಂದು ಬರೆಸಿದರೆ ಕನ್ನಡ ಸಂಘದ ಲೆಕ್ಕದಲ್ಲಿ ನಾವು ಒಬ್ಬರು ಕಡಿಮೆಯಾದೆವೇ?’ ಮೂರನೆಯದು ಒಂದು ಚಿಕ್ಕ ವಯಸ್ಸಿನ ಜೋಡಿಯದು. ಗಂಡನದೊಂದು ಜಾತಿ, ಹೆಂಡತಿಯದೊಂದು. ಮಗುವಿಗೆ ಎರಡು ವರ್ಷ. ಎರಡು ಕಡೆಯ ಅಜ್ಜ ಅಜ್ಜಿಯರೂ ಫೋನಿನಲ್ಲಿ ಆಗಲೇ ಉತ್ತರ ಹೇಳಿಬಿಟ್ಟಿದ್ದಾರಂತೆ. ಎರಡು ಉತ್ತರ.

ನಾವೇನು ಗಣತಿ ಇಲಾಖೆಯವರಲ್ಲ. ಆದರೆ ಇಂಥ ಪ್ರಶ್ನೆಗಳನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡ ಒಬ್ಬ ದೊಡ್ಡವರು ನಮ್ಮ ನಾಡಿನಲ್ಲಿ ಹುಟ್ಟಿ, ಈ ದೆಹಲಿಯಲ್ಲಿಯೇ ಹದಿಮೂರು ವರ್ಷ ಕೆಲಸ ಮಾಡಿಹೋದರು. ಅವರ ವಿಷಯವಾಗಿ ನಾಲ್ಕು ಮಾತು ಹೇಳಿದರೆ ಪ್ರಶ್ನೆಗಳು ತಾವಾಗಿಯೇ ಸ್ವಲ್ಪ ತಿಳಿಯಾಗುವುವೆಂದು ನಮಗೆ ತೋರುತ್ತದೆ.

ಅವರೇ ಪ್ರೊಫೆಸರ್ ಎಂ. ಎನ್. ಶ್ರೀನಿವಾಸ್. 1916ರ ನವೆಂಬರ್ 16ರಂದು ಮೈಸೂರಿನಲ್ಲಿ ಹುಟ್ಟಿದರು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮಾನವಶಾಸ್ತ್ರ, ಸಮಾಜಶಾಸ್ತ್ರ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಉತ್ತವರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಸಮಾಜಶಾಸ್ತ್ರದ ವಿಭಾಗವನ್ನು 1959ರಲ್ಲಿ ಆರಂಭಿಸಿದವರು ಇವರೇ. ಆಗ ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ವಿ. ಕೆ. ಆರ್. ವಿ. ರಾವ್, ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದ ರಾಯರೇ ಅವರು. 1972ರಲ್ಲಿ ಶ್ರೀನಿವಾಸರು ಬೆಂಗಳೂರಿಗೆ ಹೊರಟುಹೋದರು; ರಾಯರು ಅಲ್ಲಿ ಕಟ್ಟಿದ ಸಂಸ್ಥೆಯನ್ನು ಸೇರಿಕೊಂಡರು.

ಶ್ರೀನಿವಾಸರ ಮನೆತನದ್ದೇ ಒಂದು ವಲಸೆಯ ಕತೆ. ಮನೆಯಲ್ಲಿ ಆಡುವ ಮಾತು ತಮಿಳು, ಬೀದಿಗಿಳಿದರೆ ಕನ್ನಡ, ಅಯ್ಯಂಗಾರರ ಕುಟುಂಬ. ಜಮೀನಿದ್ದದ್ದು ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ. ಮಕ್ಕಳಿಗೆ ವಿದ್ಯೆಯಾಗಬೇಕೆಂದು ತಂದೆ ಹಳ್ಳಿಯನ್ನು ಬಿಟ್ಟು ಮೈಸೂರು ಸೇರಿದರು. ಈ ಒಂದು ವಾಕ್ಯವನ್ನು ಓದಿದಾಗ ನಮ್ಮ ಸಂಘದ ಎಷ್ಟು ಮನೆಗಳ ಯಜಮಾನರಿಗೆ ತಮ್ಮ ತಂದೆಯ ನೆನಪಾಗುವುದಿಲ್ಲ! ಅರಕೆರೆಯಿಂದ ಮೈಸೂರಿಗೆ ಇರುವ ಕೆಲವು ಮೈಲಿ, ಮೈಸೂರಿನಿಂದ ಮಾನೇಸರಿಗೆ ಇರುವ ಸಾವಿರಾರು ಮೈಲಿ, ಎರಡರ ಹಿಂದೆ ಇರುವುದೂ ಒಂದೇ ಆಸೆ.

ಹುಡುಗನಾಗಿದ್ದಾಗ ಶ್ರೀನಿವಾಸರು ಇದ್ದ ಮನೆ ಮೈಸೂರಿನ ಕಾಲೇಜು ರಸ್ತೆಯಲ್ಲಿತ್ತು. ಓದುಬರಹ ಬಲ್ಲವರ ಬೀದಿ. ಅದರ ಹಿಂದುಗಡೆಯೇ ಬಂಡಿಕೇರಿ. ಹಳ್ಳಿಗಳಿಂದ ಬಂದು ನೆಲಸಿದ ಕುರುಬ ಜನರ ಕೇರಿ. ಹಿತ್ತಿಲ ಗೋಡೆಯಿಂದ ಕೂಗಳತೆಯ ದೂರದ ಆ ಕೇರಿಗೆ ಒಂದು ದಿನ ಹೋಗಿ ನೋಡಿದಾಗ ಕಂಡ ನೋಟ, ಮೂಗಿಗೆ ಬಡಿದ ವಾಸನೆ, ಕಿವಿಗೆ ಬಿದ್ದ ಮಾತು, ಎಲ್ಲವೂ ಬೇರೊಂದು ದೇಶದ್ದಾಗಿ ತೋರಿತೆಂದು ಅವರು ದೊಡ್ಡವರಾದ ಮೇಲೆ ಬರೆದಿದ್ದಾರೆ. ಪರದೇಶವನ್ನು ಕಾಣಲು ಹಡಗು ಹತ್ತಬೇಕಾಗಿಲ್ಲ, ಹಿತ್ತಿಲ ಬಾಗಿಲು ತೆರೆದರೆ ಸಾಕು ಎಂಬುದು ಅವರಿಗೆ ಅಂದೇ ತಿಳಿಯಿತು.

ಮಹಾರಾಜಾ ಕಾಲೇಜಿನ ಓದು ಮುಗಿದ ಮೇಲೆ ಅವರು ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಕೊಡಗಿನಲ್ಲಿ ಸುತ್ತಿದರು. ಕೊಡವರ ಒಕ್ಕ, ಐನ್‌ಮನೆ, ಹಬ್ಬ ಹರಿದಿನ ಎಲ್ಲವನ್ನೂ ಕಂಡು ಬರೆದುಕೊಂಡರು. 1945ರಲ್ಲಿ ಆಕ್ಸ್‌ಫರ್ಡ್ ಸೇರಿದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ 1952ರಲ್ಲಿ ಹೊರಬಿದ್ದಿತು. ನಮ್ಮ ಸಂಘದ ಕೊಡವ ಬಂಧುಗಳು ಎಷ್ಟು ದೂರದ ಊರಿನಲ್ಲಿದ್ದರೂ ‘ಯಾವ ಒಕ್ಕ?’ ಎಂದು ಕೇಳಿದೊಡನೆ ಉತ್ತರ ಹೇಳುತ್ತಾರೆ. ಗುರುತಿನ ಬೇರು ಅಷ್ಟು ಆಳವಾಗಿ ಒಂದು ಮನೆಯಲ್ಲಿ ಇಳಿದಿರುವುದು ಹೇಗೆ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಿದ ಪುಸ್ತಕ ಅದು.

1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಹೋಗಿ ನಿಂತರು. ಪುಸ್ತಕದಲ್ಲಿ ಅದಕ್ಕೆ ರಾಂಪುರವೆಂದು ಹೆಸರು. ನಿಜವಾದ ಹೆಸರು ಕೊಡಗಹಳ್ಳಿ. ಪಟೇಲರು ತಮ್ಮ ಎತ್ತು ಕಟ್ಟುವ ಮನೆಯಲ್ಲಿ ಇಳಿದುಕೊಳ್ಳಲು ಜಾಗ ಕೊಟ್ಟರು. ಆಕ್ಸ್‌ಫರ್ಡಿನಿಂದ ಬಂದ ಪಂಡಿತರು ಎತ್ತಿನ ಮನೆಯಲ್ಲಿ! ಅವರೇನೋ ಹಳ್ಳಿಯನ್ನು ನೋಡಲೆಂದು ಬಂದವರು. ಆದರೆ ಹಳ್ಳಿ ಅವರನ್ನು ನೋಡುತ್ತ ಕುಳಿತಿತ್ತು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಒಕ್ಕಲಿಗರಿಂದ ಬುದ್ಧಿಮಾತು ಕೇಳಬೇಕಾಯಿತು. ಬ್ರಾಹ್ಮಣನೆಂದ ಮೇಲೆ ಹೀಗೆ ಇರತಕ್ಕದ್ದು, ಹೀಗೆ ಉಣ್ಣತಕ್ಕದ್ದು ಎಂದು ಊರಿನವರು ಗೊತ್ತುಮಾಡಿಬಿಟ್ಟಿದ್ದರು. ತಾನು ಯಾರೆಂಬುದನ್ನು ತಾನೊಬ್ಬನೇ ತೀರ್ಮಾನಿಸಲಾಗುವುದಿಲ್ಲ, ಎದುರಿಗಿರುವವನೂ ಅದರಲ್ಲಿ ಒಬ್ಬ ಪಾಲುಗಾರ ಎಂಬುದನ್ನು ಶ್ರೀನಿವಾಸರು ಕಲಿತದ್ದು ಪುಸ್ತಕದಿಂದಲ್ಲ.

ಇಲ್ಲಿ ನಮ್ಮ ಗತಿಯೂ ಅದೇ. ವಿಂಧ್ಯದಿಂದ ಕೆಳಗಿನವರೆಲ್ಲ ಈ ಕಡೆಯವರಿಗೆ ‘ಮದ್ರಾಸಿ’ಗಳು; ಮದ್ರಾಸಿಗಳೆಂದರೆ ಇಡ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿಯ ಮೇಲೆ ಬೆಳೆದ ವಿಜಾಪುರದ ಸೋದರಿಯೊಬ್ಬರು ಮಾನೇಸರಿಗೆ ಬಂದ ಮೇಲೆ ನೆರೆಮನೆಯವರ ಆಸೆಗಾಗಿ ಇಡ್ಲಿ ಮಾಡಲು ಕಲಿತರು. ತಮಾಷೆಯೆಂದರೆ ಆ ನೆರೆಯವರು ಚಳಿಗಾಲದಲ್ಲಿ ತಟ್ಟುವ ಬಾಜ್ರೆಯ ರೊಟ್ಟಿಯೂ ಈಕೆಯ ತವರಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೂ ಒಂದೇ ಧಾನ್ಯದ ಅಕ್ಕತಂಗಿಯರು. ಎರಡು ಮನೆಯವರಿಗೂ ಅದು ತಿಳಿಯಲು ಎರಡು ಸಂಕ್ರಾಂತಿ ಕಳೆಯಬೇಕಾಯಿತು.

ಇನ್ನು ಗಣತಿಯ ಸಂಗತಿ. ಇಂಗ್ಲಿಷರು ಈ ದೇಶದ ಜನರನ್ನು ಮೊದಲು ಎಣಿಸಲು ತೊಡಗಿದ್ದು 1871-72ರ ಸುಮಾರಿಗೆ. ದೇಶಕ್ಕೆಲ್ಲ ಒಂದೇ ಕಾಲದಲ್ಲಿ ಎಣಿಕೆ ನಡೆದದ್ದು 1881ರಲ್ಲಿ. ಎಣಿಸುವುದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. 1901ರ ಗಣತಿಯ ಅಧಿಪತಿ ಹರ್ಬರ್ಟ್ ರಿಸ್ಲಿ ಎಂಬಾತನು ಜಾತಿಗಳನ್ನು ಮೇಲು ಕೀಳುಗಳ ಕ್ರಮದಲ್ಲಿ ಜೋಡಿಸಿ ಬರೆಯಿಸಲು ಹೊರಟನು. ಜನರ ಮೂಗಿನ ಉದ್ದಗಲಗಳನ್ನು ಅಳೆದು ಅದರಿಂದ ಕುಲವನ್ನು ಹೇಳಬಹುದೆಂದು ನಂಬಿದ್ದವನು ಆತ. ನಮ್ಮ ದಕ್ಷಿಣದಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ನನೂ ಅಳತೆಯ ಸಲಕರಣೆಗಳನ್ನು ಹಿಡಿದು ಊರೂರು ತಿರುಗಿದನು. ದಕ್ಷಿಣ ಭಾರತದ ಜಾತಿಗಳ ಮೇಲೆ ಅವನ 7 ಸಂಪುಟಗಳು 1909ರಲ್ಲಿ ಬಂದುವು. ಅವುಗಳಲ್ಲಿ ಉಪಯುಕ್ತವಾದ ಸಾಮಗ್ರಿ ಇಲ್ಲವೆಂದಲ್ಲ, ಈಗಲೂ ವಿದ್ವಾಂಸರು ಅವನ್ನು ತೆರೆದು ನೋಡುತ್ತಾರೆ. ಆದರೆ ಹರಿಯುವ ಹೊಳೆಯನ್ನು ಕೊಡಗಳಲ್ಲಿ ತುಂಬಿ, ಕೊಡಕ್ಕೊಂದು ಚೀಟಿ ಅಂಟಿಸಿ ಸಾಲಾಗಿ ಇಟ್ಟಂತೆ ಆಯಿತು ಆ ಕೆಲಸ.

ಪರಿಣಾಮವೇನಾಯಿತು? ಸರಕಾರದ ಪುಸ್ತಕದಲ್ಲಿ ಯಾವ ಮೆಟ್ಟಿಲಿನಲ್ಲಿ ಹೆಸರು ಬೀಳುವುದೋ ಎಂದು ಜನ ಎಚ್ಚತ್ತರು. ಊರೂರಿನಲ್ಲಿ ಜಾತಿಯ ಸಭೆಗಳು ಹುಟ್ಟಿದುವು. ನಮ್ಮನ್ನು ಕ್ಷತ್ರಿಯರೆಂದು ಬರೆಯಿರಿ, ನಮ್ಮನ್ನು ವೈಶ್ಯರೆಂದು ಬರೆಯಿರಿ ಎಂದು ಅರ್ಜಿಗಳು ಬಂದು ಬಿದ್ದುವು. ಬಂಗಾಳದಲ್ಲಿ 1911ರ ಗಣತಿಯ ಕಾಲಕ್ಕೆ ಬಂದ ಅರ್ಜಿಗಳ ತೂಕ ಒಂದೂವರೆ ಮಣವಾಯಿತೆಂದು ಅಲ್ಲಿಯ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಅದು ನಮ್ಮ ಕಡೆಯ ಸಣ್ಣ ಮಣವಲ್ಲ, ಈಗಿನ ಲೆಕ್ಕದಲ್ಲಿ 55 ಕಿಲೋಗಿಂತಲೂ ಹೆಚ್ಚು ಕಾಗದ! ಬೇರೆ ಕೆಲವರ ಪಾಡು ಇನ್ನೂ ಕೆಟ್ಟದ್ದು. 1871ರಲ್ಲಿ ಬಂದ ಒಂದು ಕಾನೂನು ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಅದು ರದ್ದಾದದ್ದು ಸ್ವರಾಜ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ. ಕಾನೂನು ಹೋದರೂ ಆ ಜನರ ಮೇಲೆ ಬಿದ್ದ ಕಣ್ಣು ಇನ್ನೂ ಪೂರ್ತಿ ಸರಿದಿಲ್ಲ.

ಶ್ರೀನಿವಾಸರು ಹಳ್ಳಿಯಲ್ಲಿ ಕಂಡದ್ದು ಈ ಪಟ್ಟಿಗಿಂತ ತೀರ ಬೇರೆ. ಮೇಲಿನ ತುದಿಯೂ ಕೆಳಗಿನ ತುದಿಯೂ ಎಲ್ಲರಿಗೂ ಗೊತ್ತು. ನಡುವೆ ಇರುವವರಲ್ಲಿ ಯಾರು ಮೇಲು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಂದು ಜಾತಿಯವರು ಮಾಂಸ ಮದ್ಯಗಳನ್ನು ಬಿಟ್ಟು, ಮೇಲಿನವರ ಆಚಾರವನ್ನು ಹಿಡಿದು, ಒಂದೆರಡು ತಲೆಮಾರಿನಲ್ಲಿ ಮೇಲಕ್ಕೆ ಏರುವ ಕ್ರಮವನ್ನು ಅವರು ಕೊಡಗಿನ ಪುಸ್ತಕದಲ್ಲಿ ವಿವರಿಸಿ ಅದಕ್ಕೆ ‘ಸಂಸ್ಕೃತೀಕರಣ’ವೆಂದು ಹೆಸರಿಟ್ಟರು. ಹಾಗೆಯೇ ಊರಿನ ಭೂಮಿ, ಜನಬಲ, ಮಾತಿನ ಬಲ ಯಾರ ಕೈಯಲ್ಲಿದೆಯೋ ಅವರನ್ನು ‘ಪ್ರಬಲ ಜಾತಿ’ ಎಂದು ಕರೆದರು. ಈ ಎರಡು ಮಾತುಗಳನ್ನೂ ಇಂದು ಪತ್ರಿಕೆಗಳು ಯಾರದೆಂಬುದನ್ನು ಮರೆತು ಬಳಸುತ್ತವೆ.

ಇದೆಲ್ಲ ಮೈಸೂರಿನ ಮಾತು, ನಮಗೇನು ಎನ್ನುವವರು ಒಂದು ಸಂಜೆ ಕಾಸನ್, ಆಲಿಯರ್, ನಹರ್‌ಪುರದ ಕಡೆ ಒಂದು ಸುತ್ತು ನಡೆದು ಬರಬೇಕು. ಕಾರಖಾನೆಗಳಿಗೆ ಜಮೀನು ಕೊಟ್ಟ ಹಳ್ಳಿಯವರು ಉಳಿದ ಜಾಗದಲ್ಲಿ ಸಾಲು ಸಾಲು ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಬಿಹಾರದವರು, ಒಡಿಶಾದವರು, ಬುಂದೇಲಖಂಡದವರು ಆ ಕೋಣೆಗಳಲ್ಲಿದ್ದಾರೆ. ಎಣಿಸಿದರೆ ಬಾಡಿಗೆಯವರೇ ಹೆಚ್ಚು. ಮಾತು ನಡೆಯುವುದು ಮಾತ್ರ ಮನೆ ಕಟ್ಟಿದವರದು. ಪ್ರಬಲ ಜಾತಿ ಎಂಬ ಮಾತಿಗೆ ಬೇರೆ ವ್ಯಾಖ್ಯಾನ ಬೇಕೆ? ಈ ಸೀಮೆಗೆ ಅಹೀರವಾಲ್ ಎಂದು ಹೆಸರು. ಇಲ್ಲಿಯ ಅಹೀರರು ತಮ್ಮನ್ನು ಯಾದವರೆಂದು ಕರೆದುಕೊಂಡದ್ದು, ಸಭೆಗಳನ್ನು ಕಟ್ಟಿದ್ದು, ಸೈನ್ಯದಲ್ಲಿಯೂ ಶಾಲೆಯಲ್ಲಿಯೂ ಸ್ಥಾನ ಕೇಳಿದ್ದು ಕಳೆದ ಶತಮಾನದ ಮೊದಲ ಭಾಗದ ಕತೆ. ಅದನ್ನು ವಿಸ್ತಾರವಾಗಿ ಬರೆದವರು ಶ್ರೀನಿವಾಸರ ವಿಭಾಗದಲ್ಲಿಯೇ ಇದ್ದ ಎಂ. ಎಸ್. ಎ. ರಾವ್. ದೆಹಲಿಯ ಅಂಚಿನ ಒಂದು ಹಳ್ಳಿ ಪಟ್ಟಣದ ಬಾಯಿಗೆ ಸಿಕ್ಕಿ ಹೇಗೆ ಬದಲಾಯಿತು ಎಂಬುದನ್ನು ಅವರು ‘ಯಾದವಪುರ’ ಎಂಬ ಮರೆಹೆಸರಿನಲ್ಲಿ 1970ರಲ್ಲಿ ಬರೆದರು. ಯಾದವರ ಚಳವಳಿಯ ಪುಸ್ತಕ 1979ರದು. ನಮ್ಮ ಮನೆಯ ಯಜಮಾನರ ಅಜ್ಜ ಏನೆಂದು ಬರೆಸಿದ್ದರು, ಇವರು ಏನೆಂದು ಬರೆಸುವರು ಎಂಬುದನ್ನು ತಿಳಿಯಬೇಕೆನ್ನುವವರು ಅವನ್ನು ಹುಡುಕಿ ಓದಬಹುದು.

ಶ್ರೀನಿವಾಸರ ಮೇಲೆ ಒಂದು ಆಕ್ಷೇಪಣೆ ಇದೆ. ಪಟೇಲರ ಆಶ್ರಯದಲ್ಲಿದ್ದು ಊರನ್ನು ನೋಡಿದ್ದರಿಂದ ಅವರಿಗೆ ಕಂಡದ್ದು ಮೇಲಿನವರ ರಾಂಪುರ, ಹೊಲಗೇರಿಯ ರಾಂಪುರವಲ್ಲ ಎಂಬುದು. ಈ ಆಕ್ಷೇಪಣೆ ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಏಣಿಯನ್ನು ಹತ್ತುವ ಕತೆಯನ್ನು ಹೇಳುವಾಗ, ಏಣಿಗೆ ಕೈ ಹಚ್ಚಲೂ ಬಿಡದೆ ದೂಡಿದವರ ಕತೆ ಹಿಂದೆ ಉಳಿಯುತ್ತದೆ. ಜಾತಿಯ ಅಂಕಣವನ್ನು ಕಂಡು ‘ಇದೆಲ್ಲ ಏಕೆ, ನಾವು ಜಾತಿ ಮರೆತವರು’ ಎನ್ನುವ ಮಿತ್ರರು ನಮ್ಮಲ್ಲಿ ಅನೇಕರಿದ್ದಾರೆ. ಮರೆಯುವುದು ಜಾತಿಯಿಂದ ನಷ್ಟವಾಗದವರಿಗೆ ಸುಲಭ. 1931ರ ತರುವಾಯ ದೇಶದ ಗಣತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟು ಉಳಿದ ಜಾತಿಗಳ ಅಂಕಿ ಅಚ್ಚಾಗಿಲ್ಲ. ಯಾರ ಪಾಲಿಗೆ ಎಷ್ಟು ಬಂತು ಎಂದು ಕೇಳುವವರಿಗೆ ಎಷ್ಟು ಜನ ಎಂಬುದು ಮೊದಲು ಬೇಕು. ರಿಸ್ಲಿಯ ಕಾಲದಲ್ಲಿ ಅಂಕಣವನ್ನು ತುಂಬಿದವನು ದೊರೆ. ಈಗ ತುಂಬುವವರು ನಾವು. ಆ ಭೇದವನ್ನು ಮರೆಯಬಾರದು.

ಎರಡು ಅಜ್ಜಿಯರ ನಡುವೆ ಸಿಕ್ಕಿದ ಮಗುವಿನ ವಿಷಯಕ್ಕೆ ಇಷ್ಟು ಹೇಳಬಹುದು. ಮನೆಯವರು ಹೇಳಿದ್ದನ್ನು ಬರೆದುಕೊಳ್ಳುವುದು ಎಣಿಕೆದಾರರ ಕೆಲಸ. ಅದು ಜಾತಿಯ ಪ್ರಮಾಣಪತ್ರವಲ್ಲ. 1948ರ ಗಣತಿ ಕಾಯಿದೆಯ ಮೇರೆಗೆ ಆ ಬರಹ ಗುಟ್ಟಾಗಿರತಕ್ಕದ್ದು, ನ್ಯಾಯಾಲಯದಲ್ಲಿ ಸಾಕ್ಷ್ಯಕ್ಕೂ ಒದಗದು. ಆದುದರಿಂದ ತಂದೆತಾಯಿ ಇಬ್ಬರೂ ಒಂದು ಸಂಜೆ ಕಾಫಿ ಕುಡಿಯುತ್ತ ಒಂದು ಮಾತಿಗೆ ಬರಲಿ. ಫೋನಿಗೆ ಆ ಹೊತ್ತಿನಲ್ಲಿ ಬಿಡುವು ಕೊಡುವುದು ಒಳ್ಳೆಯದು.

ಭಾಷೆಯ ಅಂಕಣ ಜಾತಿಯದಕ್ಕಿಂತ ಸಾಧುವೆಂದು ಕೆಲವರು ತಿಳಿದಿದ್ದಾರೆ. ನಾವು ನಿಂತಿರುವ ನೆಲವನ್ನೇ ಕೇಳಿದರೆ ಹಾಗಲ್ಲವೆಂದು ಅದು ಹೇಳೀತು. 1966ರ ವರೆಗೆ ಈ ಗುಡಗಾಂವ್ ಜಿಲ್ಲೆ ಪಂಜಾಬಿನಲ್ಲಿತ್ತು. ಸ್ವಾತಂತ್ರ್ಯಾನಂತರದ ಪಂಜಾಬಿನಲ್ಲಿ ಮನೆಯಲ್ಲಿ ಪಂಜಾಬಿಯನ್ನೇ ಆಡುತ್ತಿದ್ದ ಎಷ್ಟೋ ಹಿಂದೂ ಕುಟುಂಬಗಳು ಗಣತಿಯಲ್ಲಿ ‘ಹಿಂದಿ’ ಎಂದು ಬರೆಸಿದುವು. ಜಗಳ ಎಷ್ಟು ಏರಿತೆಂದರೆ 1951ರಲ್ಲಿ ಅಲ್ಲಿ ಹಿಂದಿ, ಪಂಜಾಬಿಗಳ ಅಂಕಿಗಳನ್ನು ಬೇರ್ಪಡಿಸಿ ಕೊಡುವುದನ್ನೇ ಕೈಬಿಟ್ಟರು. ಕೊನೆಗೆ 1966ರಲ್ಲಿ ನ್ಯಾಯಮೂರ್ತಿ ಜೆ. ಸಿ. ಷಾ ಅವರ ಆಯೋಗ 1961ರ ಗಣತಿಯ ಭಾಷೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಗಡಿ ಎಳೆಯಿತು. ಆ ವರ್ಷದ ನವೆಂಬರ್ 1ರಂದು 7 ಜಿಲ್ಲೆಗಳ ಹರಿಯಾಣ ಹುಟ್ಟಿತು. ನಮ್ಮ ರಾಜ್ಯೋತ್ಸವದ ದಿನ ಇಲ್ಲಿಯೂ ರಜೆಯ ಸಡಗರವಿರುವುದು ಈ ಕಾರಣದಿಂದ. ನಮ್ಮ ಧ್ವಜಕ್ಕೆಂದು ಮಾಡಿದ್ದಲ್ಲ!

ಅದಕ್ಕೆ ಹತ್ತು ವರ್ಷ ಮೊದಲು, 1956ರಲ್ಲಿ, ನಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದೂ ಭಾಷೆಯ ಲೆಕ್ಕದ ಮೇಲೆಯೇ. ತುಳು, ಕೊಂಕಣಿ, ಮರಾಠಿಗಳನ್ನು ಮನೆಯಲ್ಲಿ ಆಡುತ್ತ ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಕಾಗದಪತ್ರ ಬರೆದು, ಕನ್ನಡದ ಯಕ್ಷಗಾನಕ್ಕೆ ರಾತ್ರಿಯೆಲ್ಲ ಕುಳಿತ ಕುಟುಂಬಗಳನ್ನು ತಾಯ್ನುಡಿಯ ಒಂದೇ ಅಂಕಣ ಯಾವ ಕಡೆಗೆ ಸೇರಿಸಬೇಕು? ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು. ಅದು ಹಾಗೆಯೇ ಉಳಿಯಿತು.

ಆದುದರಿಂದ ತುಳು ಮಿತ್ರರಿಗೆ ನಮ್ಮ ಉತ್ತರ ಸ್ಪಷ್ಟವಾದದ್ದು: ತುಳುವೆಂದೇ ಬರೆಸಿ. 2011ರಲ್ಲಿ ತುಳು ತಾಯ್ನುಡಿಯೆಂದವರು 18 ಲಕ್ಷ 46 ಸಾವಿರ. ಅವರಲ್ಲಿ ಒಬ್ಬರು ಕಡಿಮೆಯಾದರೆ ಕನ್ನಡಕ್ಕೆ ಏನು ಲಾಭ? ಕನ್ನಡದವರು ಆಗಲೇ 4 ಕೋಟಿ 37 ಲಕ್ಷ. ಆ ಲೆಕ್ಕದೊಳಗೆ ನೀಲಗಿರಿಯ ಬಡಗರನ್ನೂ ಸೇರಿಸಿದ್ದಾರೆಂಬುದು ಅನೇಕರಿಗೆ ತಿಳಿಯದು. ಬಡಗರಲ್ಲಿ ತಮ್ಮದು ಬೇರೆ ಭಾಷೆಯೆನ್ನುವವರು ಬಹಳ ಮಂದಿ. ತಾಯ್ನುಡಿಯ ಬಳಿಕ ‘ಬಲ್ಲ ಇತರ ಭಾಷೆಗಳು’ ಎಂದು ಇನ್ನೊಂದು ಪ್ರಶ್ನೆ 2011ರಲ್ಲಿ ಇತ್ತು. ಎರಡು ಭಾಷೆಗಳನ್ನು ಹೇಳಬಹುದಾಗಿತ್ತು. ಎಣಿಕೆದಾರರು ಅವಸರದಲ್ಲಿ ಅದನ್ನು ದಾಟಿಹೋಗುವುದುಂಟು. ದಾಟಲು ಬಿಡಬಾರದು. ಕನ್ನಡದ ಅರ್ಧ ಸಂಪತ್ತು ಆ ಎರಡನೆಯ ಅಂಕಣದಲ್ಲಿದೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗಿರೀಶ ಕಾರ್ನಾಡರದು ಕೊಂಕಣಿ. ಮೊದಲನೆಯ ಅಂಕಣವನ್ನಷ್ಟೇ ನೋಡುವ ಗುಮಾಸ್ತನಿಗೆ ಈ ಮೂವರು ಜ್ಞಾನಪೀಠದವರೂ ಕನ್ನಡಿಗರಲ್ಲ! ಶ್ರೀನಿವಾಸರೂ ಅಲ್ಲ.

ಇನ್ನು ಗುರುಗ್ರಾಮದಲ್ಲಿ ಹುಟ್ಟಿದ ಮಗುವಿನ ಪ್ರಶ್ನೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತಾಡಿದಳೋ ಅದು ತಾಯ್ನುಡಿ. ತಾಯಿ ಎಳವೆಯಲ್ಲಿಯೇ ತೀರಿಕೊಂಡಿದ್ದರೆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಇದು ಗಣತಿಯವರ ವ್ಯಾಖ್ಯೆ. ಮಗು ಅಂಗಳದಲ್ಲಿ ಯಾವ ಮಾತು ಆಡುತ್ತದೆ, ಶಾಲೆ ಯಾವುದು, ರಾಜ್ಯ ಯಾವುದು, ಒಂದೂ ಇದರಲ್ಲಿ ಬರುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಇರಬಹುದೆಂದೂ, ಪ್ರತಿಯೊಬ್ಬರದನ್ನೂ ಬೇರೆಯಾಗಿ ಕೇಳಬೇಕೆಂದೂ ಅವರಿಗೆ ಸೂಚನೆ ಇರುತ್ತದೆ. ಆ ಸೋದರಿ ಮಗನಿಗೆ ಕನ್ನಡದಲ್ಲಿ ಊಟ ಮಾಡಿಸಿ, ಕನ್ನಡದಲ್ಲಿ ಗದರಿಸಿ, ಕನ್ನಡದಲ್ಲಿ ಮಲಗಿಸಿದ್ದರೆ, ಅವನು ಹಿಂದಿಯಲ್ಲಿಯೇ ಉತ್ತರ ಕೊಡಲಿ, ಅವನ ತಾಯ್ನುಡಿ ಕನ್ನಡ. ಹಾಗೆ ಮಾಡಿಲ್ಲದಿದ್ದರೆ ಕೇವಲ ಅಭಿಮಾನಕ್ಕಾಗಿ ಕನ್ನಡವೆಂದು ಬರೆಸಬೇಕೆಂದು ನಾವು ಹೇಳಲಾರೆವು. ಮನೆಯಲ್ಲಿ ಒಂದು, ಕಾಗದದಲ್ಲಿ ಒಂದು ಆದದ್ದರಿಂದ ಪಂಜಾಬಿನಲ್ಲಿ ಏನಾಯಿತೆಂದು ಮೇಲೆ ನೋಡಿದೆವಷ್ಟೆ. ಕನ್ನಡದ ಸಂಖ್ಯೆ ಹೆಚ್ಚಬೇಕೆಂದರೆ ಅದಕ್ಕೆ ದಾರಿ ಎಣಿಕೆದಾರರು ಬಂದ ದಿನದ್ದಲ್ಲ, ಉಳಿದ ದಿನಗಳದ್ದು. ಮಾತು ಸ್ವಲ್ಪ ಕಠಿಣವಾಯಿತೆಂದು ಕಂಡರೆ ಸೋದರಿಯರು ಕ್ಷಮಿಸಬೇಕು. ಸೋದರಿಯರನ್ನೇ ಏಕೆ ಹೇಳುವಿರಿ, ಮಗುವಿನೊಡನೆ ಇಂಗ್ಲಿಷ್ ಆಡುವವರು ಅವರ ಯಜಮಾನರಲ್ಲವೇ ಎಂದು ಯಾರಾದರೂ ತಿರುಗಿ ಕೇಳಿದರೆ ಆ ಪ್ರಶ್ನೆಯೂ ಸರಿಯೇ.

ಊರು ಬಿಟ್ಟು ಬಂದವರಿಗೆ 2011ರ ಪತ್ರದಲ್ಲಿ ಇನ್ನೂ ಕೆಲವು ಪ್ರಶ್ನೆಗಳಿದ್ದುವು. ಹುಟ್ಟಿದ್ದೆಲ್ಲಿ, ಕೊನೆಯದಾಗಿ ಇದ್ದ ಊರು ಯಾವುದು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ಬಂದ ಕಾರಣವೇನು. ಕಾರಣಗಳಲ್ಲಿ ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ, ಮದುವೆ, ಹುಟ್ಟಿದ ಮೇಲೆ ಬಂದದ್ದು, ಮನೆಯವರೊಡನೆ ಬಂದದ್ದು ಇತ್ಯಾದಿ. ನಮ್ಮ ಸಂಘದ ಹೆಂಗಸರಲ್ಲಿ ಹೆಚ್ಚಿನವರು ‘ಮದುವೆ’ ಅಥವಾ ‘ಮನೆಯವರೊಡನೆ’ ಎಂಬ ಗೂಡಿನಲ್ಲಿ ಸೇರಿಹೋಗುವರು. ದಾವಣಗೆರೆಯಲ್ಲಿ ಆರು ವರ್ಷ ಪಾಠ ಹೇಳಿದ್ದ ಕೆಲಸವನ್ನು ಬಿಟ್ಟು ಬಂದಾಕೆಯೂ, ಇಲ್ಲಿಗೆ ಬಂದ ಮೇಲೆ ಹಿಂದಿ ಕಲಿತು ನೆರೆಯ ಮಕ್ಕಳಿಗೆ ಗಣಿತ ಹೇಳುತ್ತಿರುವಾಕೆಯೂ ಆ ಗೂಡಿನಲ್ಲಿಯೇ. ಗೂಡು ಸುಳ್ಳಲ್ಲ, ಅದರಲ್ಲಿ ಹಿಡಿಯದೆ ಉಳಿದದ್ದು ಬಹಳ.

ಹೀಗೆ ಹಿಡಿಯದೆ ಉಳಿಯುವುದನ್ನು ಬರೆದಿಡುವುದೇ ಶ್ರೀನಿವಾಸರ ವಿದ್ಯೆ. ಅದಕ್ಕೂ ಒಮ್ಮೆ ಬೆಂಕಿ ಬಿದ್ದಿತು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದು ಅಧ್ಯಯನ ಕೇಂದ್ರದಲ್ಲಿ ಕುಳಿತು ರಾಂಪುರದ ಟಿಪ್ಪಣಿಗಳನ್ನು ಪುಸ್ತಕ ಮಾಡಲು ಸಿದ್ಧರಾಗಿದ್ದರು. ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕೇಂದ್ರಕ್ಕೆ ಬೆಂಕಿಯಿಟ್ಟರು. ವರ್ಷಗಟ್ಟಲೆ ಸೋಸಿ, ವಿಂಗಡಿಸಿ, ಮೂರು ಪ್ರತಿ ಮಾಡಿಟ್ಟಿದ್ದ ಟಿಪ್ಪಣಿಗಳು ಮೂರೂ ಸುಟ್ಟುಹೋದುವು. ಟಿಪ್ಪಣಿಯಿಲ್ಲದಿದ್ದರೆ ನೆನಪಿದೆಯಲ್ಲ, ನೆನಪಿನಿಂದಲೇ ಬರೆಯಿರಿ ಎಂದು ಸಾಲ್ ಟ್ಯಾಕ್ಸ್ ಎಂಬ ಹಿರಿಯ ಮಾನವಶಾಸ್ತ್ರಜ್ಞರು ಸಲಹೆ ಕೊಟ್ಟರು. ಹಾಗೆ ಬರೆದದ್ದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಎಂದು ಹೊರಬಂದಿತು. ಅಂಕಿಅಂಶಗಳು ಬೆಂಕಿಗೆ ಹೋದುವು. ಪಟೇಲರ ಗತ್ತು, ಜಗುಲಿಯ ಹರಟೆ, ಮಳೆ ಬಾರದ ವರ್ಷದ ಮುಖಗಳು ಉಳಿದುಕೊಂಡುವು. ಅವರ ಪುಸ್ತಕಗಳಲ್ಲೆಲ್ಲ ಸಾಮಾನ್ಯರು ಓದಿ ಸಂತೋಷಪಡಬಹುದಾದದ್ದು ಅದೇ ಎಂದು ನಮಗನ್ನಿಸುತ್ತದೆ.

ಈ ಕಾರಣದಿಂದ ವಾಚಕರಲ್ಲಿ ಒಂದು ಬಿನ್ನಹ. ಗಣತಿಯವರು ಬರುವ ಮುನ್ನ ನಮ್ಮ ಪತ್ರಿಕೆಗೆ ಒಂದೊಂದು ಮನೆಯಿಂದ ಒಂದೊಂದು ಪುಟ ಬರಲಿ. ನಿಮ್ಮ ಮನೆತನ ಮೊದಲು ಯಾವ ಊರಿನಲ್ಲಿತ್ತು, ಅಲ್ಲಿಂದ ಹೊರಟವರು ಯಾರು, ಏಕೆ ಹೊರಟರು, ಹೊರಡುವಾಗ ಏನನ್ನು ಕಟ್ಟಿಕೊಂಡು ಹೊರಟರು, ಮನೆಯಲ್ಲಿ ಯಾವ ಯಾವ ಮಾತು ಇತ್ತು, ಯಾವುದು ಯಾರೊಡನೆ ನಿಂತುಹೋಯಿತು ಎಂಬುದನ್ನು ನೆನಪಿದ್ದಷ್ಟು ಬರೆಯಿರಿ. ಬೇಸಿಗೆಯಲ್ಲಿ ಊರಿನಿಂದ ಅಜ್ಜಿಯರು ಬರುತ್ತಾರೆ. ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಕನ್ನಡ ಅಕ್ಷರ ಬಾರದ ಮಕ್ಕಳು ಫೋನಿನಲ್ಲಿ ಅಜ್ಜಿಯ ದನಿಯನ್ನೇ ಹಿಡಿದು ಕಳಿಸಿದರೂ ಆಗಬಹುದು. ಬರೆದುಕೊಳ್ಳುವ ಕೆಲಸ ನಮ್ಮದು. ಜಾತಿಯ ಹೆಸರು ಬರೆಯುವುದೂ ಬಿಡುವುದೂ ನಿಮ್ಮ ಇಚ್ಛೆ. ಊರಿನ ಹೆಸರನ್ನು ಮಾತ್ರ ಬಿಡಬೇಡಿ. ಬಂದವುಗಳನ್ನು ಮುಂದಿನ ಸಂಚಿಕೆಯಿಂದ ಇದೇ ಪುಟದಲ್ಲಿ ಒಂದೊಂದಾಗಿ ಅಚ್ಚುಮಾಡುತ್ತೇವೆ.